‘ಕನ್ವರ್ಜ್ ಆಗವಲ್ದು’ ಅನ್ನುವವರಿಗೆ: ಕರ್ವ್ ಫಿಟ್ಟಿಂಗ್ ಎಚ್ಚರಿಕೆಗಳನ್ನು ಸರಿಪಡಿಸುವ ದಾರಿ

ಥೀಸಿಸ್ ಕೊಡುವ ದಿನ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಸ್ಕ್ರೀನ್‌ಶಾಟ್‌ಗಳು ಬರತೊಡಗುತ್ತವೆ. ರಾಯಚೂರಿನ ಕೃಷಿ ವಿದ್ಯಾರ್ಥಿ, ಬಳ್ಳಾರಿಯ ಎಂ.ಎಸ್ಸಿ. ಹುಡುಗಿ, ಕೊಪ್ಪಳದ ಕಡೆ ಕಾಲುವೆ ನೀರಿನ ಲೆಕ್ಕ ಇಡುವ ಎಂಜಿನಿಯರು. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: “ಸರ್, ಕೋಡ್ ಸರೀನೇ ಅದ. ಆದ್ರ ಮ್ಯಾಕ್ಸ್‌ಎಫ್‌ಇವಿ 800 ಅಂತ ಏನೋ ಬರ್ತದ. ಅದನ್ನ 80 ಸಾವಿರ ಮಾಡಿದೆ, ಆದ್ರೂ ಹೋಗವಲ್ದು.”

80 ಸಾವಿರ ಅಲ್ಲ, 80 ಲಕ್ಷ ಮಾಡಿದರೂ ಬಹುಪಾಲು ಹೋಗುವುದಿಲ್ಲ. ಅಳೆದ ಚುಕ್ಕಿಗಳಿಗೆ ಹೊಂದುವಂತೆ ಸೂತ್ರದೊಳಗಿನ ಸಂಖ್ಯೆಗಳನ್ನು ಕಂಪ್ಯೂಟರಿನಿಂದ ಹುಡುಕಿಸುವುದೇ ಕರ್ವ್ ಫಿಟ್ಟಿಂಗ್. ಆ ಹುಡುಕಾಟ ಮುಗಿಯದಿದ್ದಾಗ ಈ ಸಂದೇಶ ಬರುವುದು ಕಂಪ್ಯೂಟರಿಗೆ ಸಮಯ ಸಾಲದೆ ಅಲ್ಲ. ಹುಡುಕಾಟವನ್ನು ನೀವು ತಪ್ಪು ಜಾಗದಿಂದ ಶುರು ಮಾಡಿಸಿರುತ್ತೀರಿ, ಇಲ್ಲವೇ ನಿಮ್ಮ ಡೇಟಾಗೆ ಗೊತ್ತಿಲ್ಲದ ಸಂಖ್ಯೆಯೊಂದನ್ನು ಅದರ ಬಾಯಿಂದ ಹೊರಡಿಸಲು ನೋಡುತ್ತಿರುತ್ತೀರಿ. ಮೊದಲನೆಯದನ್ನು ಹತ್ತು ನಿಮಿಷದಲ್ಲಿ ಸರಿಮಾಡಬಹುದು. ಎರಡನೆಯದಕ್ಕೆ ಒಮ್ಮೊಮ್ಮೆ ಮತ್ತೆ ಹೊಲಕ್ಕೋ ಲ್ಯಾಬಿಗೋ ಹೋಗಬೇಕಾಗುತ್ತದೆ. ನಿಮ್ಮದು ಯಾವುದು ಅಂತ ಪತ್ತೆ ಹಚ್ಚುವುದಕ್ಕೇ ಮುಂದಿನ ಹಂತಗಳು.

ಬೇಕಾದದ್ದು ಹೆಚ್ಚೇನಿಲ್ಲ. ಪೈಥಾನ್ ಭಾಷೆ, ಅದರ ಲೈಬ್ರರಿಗಳಾದ ನಂಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್. ನಿಮ್ಮ ಡೇಟಾದ ಫೈಲು. ಒಂದು ಹಾಳೆ, ಪೆನ್ಸಿಲ್. ಹಾಳೆ ಪೆನ್ಸಿಲ್ ತಮಾಷೆಗೆ ಹೇಳಿದ್ದಲ್ಲ. ಆರ್ ಭಾಷೆ ಬಳಸುವವರಿಗೂ ತರ್ಕ ಇದೇ, ಅವರ ಸಂದೇಶಗಳನ್ನು ಕೊನೆಯ ಕಡೆ ಹೇಳಿದ್ದೇನೆ. ಕಮಾಂಡುಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಕಾಗುಣಿತ ಬಳಸಿ.

ಒಳಗೆ ನಡೆಯುವುದೇನು

ಸರಳರೇಖೆ ಹೊಂದಿಸುವುದಕ್ಕೆ ಸೂತ್ರವಿದೆ. ಅಂಕಿ ಹಾಕಿದರೆ ಉತ್ತರ ಒಂದೇ ಏಟಿಗೆ ಬರುತ್ತದೆ. ವಕ್ರರೇಖೆಯ ಮಾದರಿಗಳಿಗೆ, ಅಂದರೆ ನಾನ್‌ಲೀನಿಯರ್ ಮಾಡೆಲ್‌ಗಳಿಗೆ, ಆ ಸೌಲಭ್ಯವಿಲ್ಲ. ಅಲ್ಲಿ ಹುಡುಕಬೇಕು. ನೀವು ಕೊಟ್ಟ ಆರಂಭದ ಅಂದಾಜಿನಲ್ಲಿ ನಿಂತು ಕೋಡ್ ಸುತ್ತ ತಡಕುತ್ತದೆ, ಯಾವ ಕಡೆ ಇಳಿಜಾರಿದೆಯೋ ಆ ಕಡೆ ಒಂದು ಹೆಜ್ಜೆ ಇಡುತ್ತದೆ, ಮತ್ತೆ ತಡಕುತ್ತದೆ. ‘ಇಳಿಯುವುದು’ ಅಂದರೆ ಇಲ್ಲಿ ತಪ್ಪುಗಳ ವರ್ಗಗಳ ಮೊತ್ತ ಕಡಿಮೆಯಾಗುವುದು. ತಪ್ಪು ಅಂದರೆ ಅಳೆದ ಬೆಲೆಗೂ ಮಾದರಿ ಹೇಳುವ ಬೆಲೆಗೂ ಇರುವ ಅಂತರ. ಇನ್ನು ಇಳಿಯಲು ಜಾಗವಿಲ್ಲ ಎಂಬಲ್ಲಿ ನಿಂತರೆ ಅದೇ ಕನ್ವರ್ಜೆನ್ಸ್, ನಮ್ಮ ಮಾತಿನಲ್ಲಿ ನೆಲೆಗೊಳ್ಳುವುದು.

ಸೈಪೈನಲ್ಲಿ ಈ ಹುಡುಕಾಟ ನಡೆಸುವ ಕಮಾಂಡ್ ಕರ್ವ್‌ಫಿಟ್. ಹುಡುಕುವ ಸಂಖ್ಯೆಗಳಿಗೆ ಮಿತಿಗಳನ್ನು ಕೊಡದಿದ್ದರೆ ಅದು ಬಳಸುವುದು ಲೆವೆನ್‌ಬರ್ಗ್ 1944ರಲ್ಲಿ, ಮಾರ್ಕ್ವಾರ್ಟ್ 1963ರಲ್ಲಿ ಪ್ರಕಟಿಸಿದ ವಿಧಾನವನ್ನು. ಅರವತ್ತು ವರ್ಷ ಪಳಗಿದ ಲೆಕ್ಕ ಅದು. ಅದರಲ್ಲಿ ಬಗ್ ಇರಬಹುದು ಎಂಬ ಅನುಮಾನವನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ.

ಬೆಟ್ಟವಿದ್ದಲ್ಲಿ ಇಳಿಯುವುದು ಸುಲಭ. ಸಿಂಧನೂರು ಕಡೆಯ ಎರೆ ಹೊಲದ ನಡುವೆ ಕಣ್ಣುಕಟ್ಟಿ ಬಿಟ್ಟರೆ? ಎತ್ತ ಹೆಜ್ಜೆ ಇಟ್ಟರೂ ಸಮತಟ್ಟು, ನೀರು ಯಾವ ಕಡೆ ಹರಿಯುತ್ತದೆ ಎಂಬುದೇ ಕಾಲಿಗೆ ತಿಳಿಯುವುದಿಲ್ಲ. ನಿಮ್ಮ ಕೋಡ್ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಂಥಲ್ಲೇ.

ಉದಾಹರಣೆಗೆ ಒಂದು ಡೇಟಾ

ಇದು ನಾನು ವಿವರಣೆಗಾಗಿ ಕಟ್ಟಿದ ಲೆಕ್ಕ, ಯಾರ ಪ್ರಯೋಗದ್ದೂ ಅಲ್ಲ. ಕೊಯ್ಲಾದ ನೆಲ್ಲನ್ನು ತೆಳ್ಳಗೆ ಹರವಿ ಬಿಸಿಗಾಳಿ ಹಾಯಿಸಿ, ಅರ್ಧ ಗಂಟೆಗೊಮ್ಮೆ ತೇವಾಂಶ ನೋಡಿದ್ದೇವೆ ಅಂದುಕೊಳ್ಳಿ. 0 ನಿಮಿಷಕ್ಕೆ ಶೇ. 22, 30ಕ್ಕೆ 18.6, 60ಕ್ಕೆ 16.2, 90ಕ್ಕೆ 14.4, 120ಕ್ಕೆ 13.2, 150ಕ್ಕೆ 12.3, 180ಕ್ಕೆ 11.6.

ಮಾದರಿ ಇದು: ತೇವಾಂಶ = ತಳ + ಇಳಿತ × ಎಕ್ಸ್‌ಪ್(−ಸಮಯ ÷ ಟೌ). ಎಕ್ಸ್‌ಪ್ ಅಂದರೆ 2.718 ಎಂಬ ಸ್ಥಿರಾಂಕಕ್ಕೆ ಆವರಣದೊಳಗಿನ ಘಾತ ಏರಿಸುವುದು. ಎಷ್ಟು ಹೊತ್ತು ಒಣಗಿಸಿದರೂ ಅದಕ್ಕಿಂತ ಕೆಳಗಿಳಿಯದ ಮಟ್ಟ ‘ತಳ’. ಶುರುವಿನಿಂದ ತಳದವರೆಗಿನ ಅಂತರ ‘ಇಳಿತ’. ಆ ಇಳಿತದ ಸುಮಾರು ಶೇ. 63 ಭಾಗ ಇಳಿಯಲು ಹಿಡಿಯುವ ಸಮಯ ‘ಟೌ’. ಕೋಡ್ ಹುಡುಕಬೇಕಾದ ಈ ಮೂರು ಸಂಖ್ಯೆಗಳಿಗೆ ಪ್ಯಾರಾಮೀಟರ್ ಎನ್ನುತ್ತಾರೆ.

1. ಸಂದೇಶವನ್ನು ಪೂರ್ತಿ ಓದಿ

ಕೆಂಪಕ್ಷರ ಕಂಡ ಕೂಡಲೇ ಗಾಬರಿಯಾಗಿ ಸ್ಕ್ರೋಲ್ ಮಾಡಬೇಡಿ. ಕೊನೆಯ ಸಾಲಿನಲ್ಲಿ ರೋಗದ ಹೆಸರಿರುತ್ತದೆ.

‘ಆಪ್ಟಿಮಲ್ ಪ್ಯಾರಾಮೀಟರ್ಸ್ ನಾಟ್ ಫೌಂಡ್’ ಎಂದು ಬಂದು ಮ್ಯಾಕ್ಸ್‌ಎಫ್‌ಇವಿ ಸಂಖ್ಯೆ ಕಂಡರೆ, ಇಟ್ಟ ಮಿತಿಯೊಳಗೆ ಕೋಡ್ ನೆಲೆಗೊಳ್ಳಲಿಲ್ಲ ಎಂದರ್ಥ. ಮ್ಯಾಕ್ಸ್‌ಎಫ್‌ಇವಿ ಅಂದರೆ ನಿಮ್ಮ ಮಾದರಿಯನ್ನು ಎಷ್ಟು ಸಲ ಲೆಕ್ಕ ಹಾಕಬಹುದು ಎಂಬ ಗರಿಷ್ಠ ಮಿತಿ. ಈ 800 ಎಲ್ಲಿಂದ ಬಂತು ಅಂತ ಕೇಳುವವರು ಬಹಳ. ಪ್ಯಾರಾಮೀಟರ್‌ಗಳ ಸಂಖ್ಯೆಗೆ ಒಂದು ಕೂಡಿಸಿ 200ರಿಂದ ಗುಣಿಸಿ. ಮೂರಿದ್ದರೆ 800, ಎರಡಿದ್ದರೆ 600, ನಾಲ್ಕಿದ್ದರೆ 1000. ನಿಮ್ಮ ಮಾದರಿಯಲ್ಲಿ ಮೂರೇ ಪ್ಯಾರಾಮೀಟರ್ ಇದೆ ಅಂದುಕೊಂಡಿದ್ದು ಸಂದೇಶದಲ್ಲಿ 1000 ಕಂಡರೆ, ಫಂಕ್ಷನ್ ಬರೆಯುವಾಗಲೇ ಎಡವಿದ್ದೀರಿ.

‘ಕೋವೇರಿಯನ್ಸ್ ಆಫ್ ದಿ ಪ್ಯಾರಾಮೀಟರ್ಸ್ ಕುಡ್ ನಾಟ್ ಬಿ ಎಸ್ಟಿಮೇಟೆಡ್’ ಎಂಬುದು ಎರಡನೆಯದು. ಕೋವೇರಿಯನ್ಸ್ ಅಂದರೆ ಪ್ರತಿ ಪ್ಯಾರಾಮೀಟರ್ ಎಷ್ಟು ಅತ್ತಿತ್ತ ಆಗಬಹುದು, ಒಂದು ಸರಿದರೆ ಇನ್ನೊಂದು ಜೊತೆಗೆ ಎಷ್ಟು ಸರಿಯುತ್ತದೆ ಎಂಬ ಪಟ್ಟಿ. ಆ ಪಟ್ಟಿಯ ತುಂಬ ‘ಇನ್ಫ್’ ಅಂದರೆ ಅನಂತ ತುಂಬಿರುತ್ತದೆ. ಇದು ದೋಷವಲ್ಲ, ಬರೀ ಎಚ್ಚರಿಕೆ. ಆದ್ದರಿಂದ ಕೋಡ್ ಓಡುತ್ತದೆ, ಉತ್ತರವೂ ಬರುತ್ತದೆ, ಜನ ಅದನ್ನೇ ಟೇಬಲ್ಲಿಗೆ ಹಾಕಿಬಿಡುತ್ತಾರೆ. ನನ್ನನ್ನು ಕೇಳಿದರೆ 800ರ ದೋಷಕ್ಕಿಂತ ಇದೇ ಹೆಚ್ಚು ಅಪಾಯಕಾರಿ. ಅದು ಕೆಲಸವನ್ನು ನಿಲ್ಲಿಸಿ ಎಚ್ಚರಿಸುತ್ತದೆ, ಇದು ಸುಮ್ಮನೆ ದಾಟಿಸಿಬಿಡುತ್ತದೆ.

‘ಓವರ್‌ಫ್ಲೋ ಇನ್ ಎಕ್ಸ್‌ಪ್’ ಕಂಡರೆ ಎಕ್ಸ್‌ಪ್ ಒಳಗಿನ ಸಂಖ್ಯೆ ವಿಪರೀತ ದೊಡ್ಡದಾಗಿದೆ. ಕಂಪ್ಯೂಟರಿನ ಮಾಮೂಲಿ ದಶಮಾಂಶ ಸಂಖ್ಯೆಗೆ ಎಕ್ಸ್‌ಪ್ ಒಳಗೆ 709ರವರೆಗೆ ಜಾಗವಿದೆ, 710ಕ್ಕೆ ಉಕ್ಕುತ್ತದೆ. ‘ಎಕ್ಸ್-ಝೀರೊ ಇನ್‌ಫೀಸಿಬಲ್’ ಅಂದರೆ ನೀವು ಕೊಟ್ಟ ಅಂದಾಜು ಪ್ಯಾರಾಮೀಟರಿಗೆ ನೀವೇ ಹಾಕಿದ ಬೇಲಿಯ, ಅಂದರೆ ಕೆಳ–ಮೇಲ್ಮಿತಿಗಳ, ಹೊರಗಿದೆ.

2. ಫಿಟ್ ಮಾಡುವ ಮುನ್ನ ಗೆರೆ ಎಳೆದು ನೋಡಿ

ಈ ಲೇಖನದಲ್ಲಿ ಒಂದೇ ಹಂತ ಓದಿ ಬಿಡುವುದಾದರೆ ಇದನ್ನು ಓದಿ.

ಆರಂಭದ ಅಂದಾಜಿಗೆ ಕರ್ವ್‌ಫಿಟ್‌ನಲ್ಲಿ ಪಿ-ಝೀರೊ ಎಂಬ ಜಾಗವಿದೆ. ಅದನ್ನು ಖಾಲಿ ಬಿಟ್ಟರೆ ಕೋಡ್ ಎಲ್ಲ ಪ್ಯಾರಾಮೀಟರ್‌ಗಳಿಗೂ 1 ಎಂದು ಇಟ್ಟುಕೊಂಡು ಹೊರಡುತ್ತದೆ. ನಮ್ಮ ನೆಲ್ಲಿನ ಲೆಕ್ಕದಲ್ಲಿ ಟೌ 1 ಎಂದರೆ ಒಂದೇ ನಿಮಿಷದಲ್ಲಿ ಬಹುಪಾಲು ತೇವ ಆರಿಹೋಯಿತು ಎಂದಂತೆ. 30ನೇ ನಿಮಿಷಕ್ಕೆ ಎಕ್ಸ್‌ಪ್(−30), ಅಂದರೆ ದಶಮಾಂಶ ಬಿಂದುವಿನ ಆಚೆ 13 ಸೊನ್ನೆ ದಾಟಿ ಶುರುವಾಗುವ ಸಂಖ್ಯೆ. ಟೌ ಅನ್ನು ಚೂರು ಹೆಚ್ಚು ಕಡಿಮೆ ಮಾಡಿದರೂ ತಪ್ಪಿನ ಮೊತ್ತದಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಕಾಣುವುದಿಲ್ಲ. ಅದೇ ಎರೆ ಹೊಲ.

ಆಗ ಕೋಡ್ ಏನು ಮಾಡುತ್ತದೆ? ಟೌ ಅನ್ನು ಮುಟ್ಟದೆ ಉಳಿದೆರಡನ್ನು ಹೊಂದಿಸುತ್ತದೆ. ತಳ 14.38 ಎನ್ನುತ್ತದೆ, ಇದು 30ರಿಂದ 180ನೇ ನಿಮಿಷದವರೆಗಿನ ಆರು ಅಳತೆಗಳ ಬರೀ ಸರಾಸರಿ. ಇಳಿತ 7.62 ಎನ್ನುತ್ತದೆ, ಇದು 22ರಲ್ಲಿ 14.38 ಕಳೆದದ್ದು. ಟೌ ಮಾತ್ರ 1ಕ್ಕೇ ನಿಂತಿರುತ್ತದೆ. ಮೇಲೊಂದು ಕೋವೇರಿಯನ್ಸ್ ಎಚ್ಚರಿಕೆ. ಯಾವುದೇ ಪ್ಯಾರಾಮೀಟರ್ ನೀವು ಕೊಟ್ಟ ಅಂದಾಜಿಗೇ, ದಶಮಾಂಶವೂ ಅಲುಗದೆ ಹಿಂತಿರುಗಿದರೆ ಕೋಡ್ ಅದನ್ನು ಹುಡುಕಿಯೇ ಇಲ್ಲ ಎಂದು ತಿಳಿಯಿರಿ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಚುಕ್ಕಿಗಳನ್ನು ಹಾಳೆಯ ಮೇಲೆ ಗುರುತಿಸಿ. ಕೊನೆಯ ಅಳತೆ 11.6, ಇನ್ನೂ ಸ್ವಲ್ಪ ಇಳಿಯುವಂತೆ ಕಾಣುತ್ತದೆ, ಹಾಗಾಗಿ ತಳ 11 ಎಂದುಕೊಳ್ಳೋಣ. ಶುರು 22, ಆದ್ದರಿಂದ ಇಳಿತವೂ 11. ಅದರ ಶೇ. 63 ಅಂದರೆ ಹತ್ತಿರ ಹತ್ತಿರ 7. 22ರಿಂದ 7 ಇಳಿದರೆ 15; ಚಿತ್ರದಲ್ಲಿ ಗೆರೆ 15 ಮುಟ್ಟುವುದು 60 ಮತ್ತು 90ರ ನಡುವೆ, ಸುಮಾರು 75ನೇ ನಿಮಿಷಕ್ಕೆ. ಆಯಿತು: 11, 11, 75. ಇದನ್ನು ಪಿ-ಝೀರೊಗೆ ಕೊಡಿ. ಕೋಡ್ ಸರಾಗವಾಗಿ 10, 12, 90ರ ಹತ್ತಿರ ಹೋಗಿ ನಿಲ್ಲುತ್ತದೆ. ಅಂದಾಜು ಕರಾರುವಾಕ್ಕಾಗಿರಬೇಕಿಲ್ಲ, ಸರಿಯಾದ ಊರಿನಲ್ಲಿದ್ದರೆ ಸಾಕು, ಮನೆಯನ್ನು ಅದೇ ಹುಡುಕಿಕೊಳ್ಳುತ್ತದೆ.

ಫಿಟ್ ಕರೆಯುವ ಮುನ್ನ ಈ ಅಂದಾಜಿನ ಗೆರೆಯನ್ನು ಚುಕ್ಕಿಗಳ ಮೇಲೆ ಪ್ಲಾಟ್ ಮಾಡಿ ಕಣ್ಣಿನಿಂದ ನೋಡಿ. ಎರಡು ಸಾಲಿನ ಕೆಲಸ. ಗೆರೆ ಚುಕ್ಕಿಗಳ ಹತ್ತಿರವೂ ಸುಳಿಯದಿದ್ದರೆ ಮುಂದೆ ಹೋಗಬೇಡಿ. ಗೆರೆ ತಲೆಕೆಳಗಾಗಿ ಕಂಡರೆ ಮಾದರಿಯಲ್ಲಿ ಮೈನಸ್ ಚಿಹ್ನೆ ಮರೆತಿದ್ದೀರಿ.

ಬೇರೆ ಮಾದರಿಗಳಿಗೂ ಹೀಗೇ ಚಿತ್ರದಿಂದಲೇ ಅಂದಾಜು ತೆಗೆಯಬಹುದು. ಸಸಿಯ ಎತ್ತರ, ಎಲೆಯ ವಿಸ್ತೀರ್ಣದಂಥ ‘ಎಸ್’ ಆಕಾರದ ಲಾಜಿಸ್ಟಿಕ್ ಬೆಳವಣಿಗೆಯಾದರೆ ಗರಿಷ್ಠ ಮಟ್ಟಕ್ಕೆ ನಿಮ್ಮ ಅತಿ ದೊಡ್ಡ ಅಳತೆಗಿಂತ ತುಸು ಮೇಲಿನ ಸಂಖ್ಯೆ, ನಡುಬಿಂದುವಿಗೆ ಅದರ ಅರ್ಧ ಮುಟ್ಟಿದ ದಿನ. ವೇಗಕ್ಕೆ ನಡುಬಿಂದುವಿನಲ್ಲಿ ದಿನಕ್ಕೆಷ್ಟು ಬೆಳೆಯಿತೋ ಅದನ್ನು ನಾಲ್ಕರಿಂದ ಗುಣಿಸಿ ಗರಿಷ್ಠದಿಂದ ಭಾಗಿಸಿ. ಲಾಗ್ ತೆಗೆದು ಸರಳರೇಖೆ ಮಾಡಿಕೊಂಡು ಅಂದಾಜು ಪಡೆಯುವ ಹಳೆಯ ಉಪಾಯವೂ ಒಳ್ಳೆಯದೇ. ಆದರೆ ಅದನ್ನು ಅಂದಾಜಿಗೆ ಮಾತ್ರ ಬಳಸಿ. ಲಾಗ್ ತೆಗೆದಾಗ ಸಣ್ಣ ಬೆಲೆಗಳ ತಪ್ಪು ದೊಡ್ಡದಾಗಿ ಕಾಣುವುದರಿಂದ ಅದನ್ನೇ ಕೊನೆಯ ಉತ್ತರವಾಗಿ ಬರೆಯಬಾರದು.

3. ಅಳತೆಯ ಘಟಕ ಸರಿಮಾಡಿಕೊಳ್ಳಿ

ಸೆನ್ಸರ್ ಕೊಟ್ಟ ಫೈಲಿನಲ್ಲಿ ಸಮಯದ ಕಾಲಂ ಅನ್ನು ಒಮ್ಮೆ ತೆರೆದು ನೋಡಿ. ಅಲ್ಲಿ 170 ಕೋಟಿಯ ಆಸುಪಾಸಿನ ಸಂಖ್ಯೆಗಳಿದ್ದರೆ ಅವು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಅದನ್ನೇ ಎಕ್ಸ್‌ಪ್ ಒಳಗೆ ಹಾಕಿದರೆ ಉತ್ತರ ಅಪ್ಪಟ ಸೊನ್ನೆ, ಏಕೆಂದರೆ −745ರ ಸುತ್ತ ದಾಟಿದರೆ ಕಂಪ್ಯೂಟರಿಗೆ ಅದಕ್ಕಿಂತ ಸಣ್ಣ ಸಂಖ್ಯೆಯೇ ಇಲ್ಲ. ಮೊದಲ ಓದಿನ ಸಮಯವನ್ನು ಎಲ್ಲದರಿಂದ ಕಳೆದು ನಿಮಿಷಕ್ಕೋ ಗಂಟೆಗೋ ತನ್ನಿ.

ಪ್ಯಾರಾಮೀಟರ್‌ಗಳ ಗಾತ್ರದಲ್ಲಿ ಅಜಗಜಾಂತರವಿದ್ದರೂ, ಅಂದರೆ ಒಂದು 0.000003 ಇನ್ನೊಂದು 4 ಲಕ್ಷ ಎಂಬಂತಿದ್ದರೂ, ಹುಡುಕಾಟ ತಡವರಿಸುತ್ತದೆ. ಗ್ರಾಂ ಬದಲು ಕಿಲೋ, ಪ್ಯಾಸ್ಕಲ್ ಬದಲು ಕಿಲೋಪ್ಯಾಸ್ಕಲ್ ಮಾಡಿ ಎಲ್ಲವನ್ನೂ 0.1ರಿಂದ 100ರ ಒಳಗೆ ತಂದರೆ ಅರ್ಧ ತೊಂದರೆ ಕಳೆಯುತ್ತದೆ. ಎಕ್ಸ್‌-ಸ್ಕೇಲ್ ಎಂಬ ಆಯ್ಕೆಯೂ ಇದಕ್ಕೆಂದೇ ಇದೆ. ಘಟಕ ಬದಲಿಸುವುದೇ ನನಗೆ ಹಿಡಿಸುತ್ತದೆ, ಓದುವವರಿಗೂ ಸುಲಭ.

ಇನ್ನೊಂದು ಮೋಸ: ಡೇಟಾ ಫ್ಲೋಟ್-32 ರೂಪದಲ್ಲಿದ್ದರೆ, ಅಂದರೆ ಸಂಖ್ಯೆಯ ಕಡಿಮೆ ಅಂಕಿಗಳನ್ನಷ್ಟೇ ಇಟ್ಟುಕೊಳ್ಳುವ ರೂಪದಲ್ಲಿದ್ದರೆ, ಹೆಚ್ಚು ಅಂಕಿ ಹಿಡಿಯುವ ಫ್ಲೋಟ್-64ಕ್ಕೆ ಬದಲಿಸಿ. ಕೋಡ್ ಇಳಿಜಾರು ತಡಕುವ ಹೆಜ್ಜೆ ಪ್ಯಾರಾಮೀಟರಿನ ಆರೇಳು ಕೋಟಿಯಲ್ಲೊಂದು ಭಾಗದ ಆಸುಪಾಸಿನದು. ಅಷ್ಟು ಸಣ್ಣ ವ್ಯತ್ಯಾಸ ಫ್ಲೋಟ್-32ರಲ್ಲಿ ಅಳಿಸಿಹೋಗುತ್ತದೆ. ಮಾದರಿಯ ಒಳಗೆ ಯಾರಾದರೂ ರೌಂಡ್ ಅಥವಾ ಇಂಟ್ ಬಳಸಿದ್ದರೂ ಇದೇ ಗತಿ.

4. ಬೇಲಿ ಹಾಕಿ, ಆದರೆ ಅಳತೆಯಲ್ಲಿ

ಇದಕ್ಕೆ ಕಾಲುವೆಯ ಲೆಕ್ಕ ಒಳ್ಳೆಯ ಉದಾಹರಣೆ. ಮುನಿರಾಬಾದಿನಲ್ಲಿ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಿಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆಯಿರಲಿ, ಊರ ಹಳ್ಳವಿರಲಿ, ಗೇಜಿನ ಮೇಲೆ ಕಾಣುವ ನೀರಿನ ಮಟ್ಟದಿಂದ ಹರಿವನ್ನು ಲೆಕ್ಕ ಹಾಕುವ ರೇಟಿಂಗ್ ಕರ್ವ್ ಒಂದೇ ರೂಪದ್ದು: ಹರಿವು = ಗುಣಕ × (ಮಟ್ಟ − ಶೂನ್ಯಮಟ್ಟ)ರ ಘಾತ. ಹರಿವು ನಿಲ್ಲುವ ಮಟ್ಟವೇ ಶೂನ್ಯಮಟ್ಟ.

ಹುಡುಕುತ್ತಾ ಹುಡುಕುತ್ತಾ ಕೋಡ್ ಶೂನ್ಯಮಟ್ಟವನ್ನು ನಿಮ್ಮ ಅತಿ ಕಡಿಮೆ ಓದಿಗಿಂತ ಮೇಲಕ್ಕೆ ಒಯ್ದರೆ ಆವರಣದೊಳಗೆ ಋಣ ಸಂಖ್ಯೆ ಬರುತ್ತದೆ. ಋಣ ಸಂಖ್ಯೆಗೆ 1.7ರಂಥ ಘಾತ ಏರಿಸಲು ಆಗುವುದಿಲ್ಲ, ಆದ್ದರಿಂದ ‘ನ್ಯಾನ್’ ಹುಟ್ಟುತ್ತದೆ. ಸಂಖ್ಯೆಯೇ ಅಲ್ಲ ಎಂಬುದಕ್ಕೆ ಕಂಪ್ಯೂಟರಿನ ಗುರುತು ಅದು. ಒಂದು ನ್ಯಾನ್ ಬಂದರೆ ಮೊತ್ತವೆಲ್ಲ ನ್ಯಾನ್. ಇಲ್ಲಿ ಬೇಲಿ ಹಾಕಲೇಬೇಕು: ಶೂನ್ಯಮಟ್ಟ ನಿಮ್ಮ ಅತಿ ಕಡಿಮೆ ಓದಿಗಿಂತ ಕೂದಲಷ್ಟಾದರೂ ಕೆಳಗಿರಲಿ. ಘಾತಕ್ಕೂ ಭೌತಿಕ ಅರ್ಥವಿದೆ. ಆಯತಾಕಾರದ ಕಟ್ಟೆಯ ಮೇಲೆ ಹರಿದರೆ 1.5, ‘ವಿ’ ಆಕಾರದ ಕಚ್ಚಿನಲ್ಲಿ ಹರಿದರೆ 2.5. ಹಾಗಾಗಿ 1ರಿಂದ 3ರ ಬೇಲಿ ಯಾರಿಗೂ ಅನ್ಯಾಯ ಮಾಡುವುದಿಲ್ಲ.

ಕರ್ವ್‌ಫಿಟ್‌ನ ಬೌಂಡ್ಸ್ ಆಯ್ಕೆಯಲ್ಲಿ ಎಡವುವುದು ಎರಡು ಕಡೆ. ಅದು ಕೇಳುವುದು ಮೊದಲು ಎಲ್ಲ ಕೆಳಮಿತಿಗಳ ಒಂದು ಪಟ್ಟಿ, ಆಮೇಲೆ ಎಲ್ಲ ಮೇಲ್ಮಿತಿಗಳ ಒಂದು ಪಟ್ಟಿ. ಜನ ಪ್ರತಿ ಪ್ಯಾರಾಮೀಟರಿಗೆ ಒಂದೊಂದು ಜೋಡಿ ಬರೆಯುತ್ತಾರೆ. ಎರಡೇ ಪ್ಯಾರಾಮೀಟರ್ ಇದ್ದಾಗ ಇದು ದೋಷವನ್ನೂ ತೋರಿಸದೆ ತಪ್ಪು ಬೇಲಿ ಹಾಕಿಬಿಡಬಹುದು. ಎರಡನೆಯದು, ಉತ್ತರ ಬೇಲಿಗೇ ಒರಗಿ ನಿಂತದ್ದನ್ನು ಗಮನಿಸದಿರುವುದು. ಘಾತ 3.0000 ಎಂದು ಬಂದರೆ ಅದು ಡೇಟಾ ಹೇಳಿದ ಮಾತಲ್ಲ, ನೀವು ಹಾಕಿದ ಬೇಲಿಯ ಮಾತು. ಆಗ ಅದರ ಜೊತೆ ಬರುವ ದೋಷದ ಅಂದಾಜನ್ನೂ ನಂಬಬೇಡಿ.

ಧನ ಸಂಖ್ಯೆಯೇ ಆಗಿರಬೇಕಾದ ಪ್ಯಾರಾಮೀಟರಿಗೆ ಬೇಲಿಯ ಬದಲು ಇನ್ನೊಂದು ಉಪಾಯ: ಕೋಡಿಗೆ ಅದರ ಲಾಗ್ ಅನ್ನು ಹುಡುಕಲು ಕೊಟ್ಟು, ಮಾದರಿಯೊಳಗೆ ಎಕ್ಸ್‌ಪ್ ಮಾಡಿಕೊಳ್ಳಿ.

5. ಕೇಳಿದ ಪ್ರಶ್ನೆಗೆ ಡೇಟಾದಲ್ಲಿ ಉತ್ತರವಿದೆಯೇ ನೋಡಿ

ಅಂದಾಜು ಚೆನ್ನಾಗಿದೆ, ಘಟಕ ಸರಿ, ಬೇಲಿ ಸರಿ, ಆದರೂ ಎಚ್ಚರಿಕೆ ಬರುತ್ತಿದೆ ಎಂದರೆ ಇಲ್ಲಿ ನಿಲ್ಲಿ. ಇದನ್ನು ಕ್ಯಾಲ್ಕ್ಯುಲೇಟರಿನಲ್ಲೇ ತೋರಿಸುತ್ತೇನೆ.

ನೆಲ್ಲಿನ ಪ್ರಯೋಗವನ್ನು ಕರೆಂಟ್ ಹೋಗಿ ಒಂದೇ ಗಂಟೆಗೆ ನಿಲ್ಲಿಸಬೇಕಾಯಿತು ಅಂದುಕೊಳ್ಳಿ. ಕೈಯಲ್ಲಿರುವುದು ಮೂರೇ ಅಂಕಿ: 22, 18.6, 16.2. ಮೊದಲ ಅರ್ಧ ಗಂಟೆಯಲ್ಲಿ 3.4 ಇಳಿಯಿತು, ಎರಡನೆಯದರಲ್ಲಿ 2.4. ಪ್ರತಿ ಅರ್ಧ ಗಂಟೆಗೆ ಇಳಿತ ಹಿಂದಿನದರ 0.706 ಪಟ್ಟಾಗುತ್ತಿದೆ. ಇದೇ ಅನುಪಾತದಲ್ಲಿ ಕೊನೆಯವರೆಗೂ ಇಳಿದರೆ ಒಟ್ಟು ಇಳಿತ 3.4 ÷ (1 − 0.706), ಸುಮಾರು 11.6. ತಳ 10.4. ಪರವಾಗಿಲ್ಲ ಅನಿಸುತ್ತದೆ.

ಈಗ ನಡುವಿನ ಓದನ್ನು 0.2 ಮಾತ್ರ ಬದಲಿಸಿ. ಮಾಯಿಶ್ಚರ್ ಮೀಟರಿಗೆ ಅದೇ ಚೀಲದ ಕಾಳನ್ನು ಎರಡನೇ ಸಲ ಹಾಕಿದರೆ ಅಷ್ಟು ಹೆಚ್ಚುಕಮ್ಮಿ ಆಗುವುದು ಮಾಮೂಲು. 18.6 ಇದ್ದದ್ದು 18.4 ಆದರೆ ಇಳಿತಗಳು 3.6 ಮತ್ತು 2.2. ಲೆಕ್ಕ ಹಾಕಿ: ತಳ 12.7, ಟೌ 61 ನಿಮಿಷ. 18.8 ಆದರೆ ಇಳಿತಗಳು 3.2 ಮತ್ತು 2.6. ತಳ 4.9, ಟೌ 144 ನಿಮಿಷ. 18.9 ಆದರೆ ತಳ −2. ನೆಲ್ಲಿನಲ್ಲಿ ಸೊನ್ನೆಗಿಂತ ಕಡಿಮೆ ನೀರು! 19.1 ಆದರೆ ಎರಡೂ ಇಳಿತ 2.9, ಅನುಪಾತ ಒಂದು, ಗೆರೆ ನೆಟ್ಟಗೆ. ತಳ ಪಾತಾಳಕ್ಕೆ ಓಡುತ್ತದೆ, ಟೌ ಆಕಾಶಕ್ಕೆ. ಕೋಡ್ ಅವೆರಡರ ಬೆನ್ನು ಹತ್ತಿ ಓಡಿ ಓಡಿ ಮಿತಿ ಮುಟ್ಟುತ್ತದೆ, ಇಲ್ಲವೇ ಯಾವುದೋ ದೈತ್ಯ ಸಂಖ್ಯೆ ಹೇಳಿ ಕೈಚೆಲ್ಲುತ್ತದೆ. ಇಲ್ಲಿ ಮ್ಯಾಕ್ಸ್‌ಎಫ್‌ಇವಿ ಹೆಚ್ಚಿಸಿದರೆ ಇನ್ನಷ್ಟು ದೂರ ಓಡುತ್ತದೆ, ಅಷ್ಟೆ.

ತಳ ಎಲ್ಲಿದೆ ಎಂದು ಗೊತ್ತಾಗಬೇಕಾದರೆ ಅಳತೆ ತಳದ ಹತ್ತಿರವಾದರೂ ಹೋಗಿರಬೇಕು. ಬೆಳೆ ಹೂ ಬಿಡುವ ಮೊದಲೇ ಅಳೆಯುವುದು ನಿಲ್ಲಿಸಿ ಲಾಜಿಸ್ಟಿಕ್ ಗರಿಷ್ಠವನ್ನು ಕೇಳುವವರ ಕಥೆಯೂ ಇದೇ.

ಅಂಕಿ ಮೂರು, ಪ್ಯಾರಾಮೀಟರೂ ಮೂರಾದರೆ ಗೆರೆ ಚುಕ್ಕಿಗಳ ಮೇಲೇ ಸಲೀಸಾಗಿ ಹಾಯುತ್ತದೆ, ಆದರೆ ತಪ್ಪನ್ನು ಅಂದಾಜು ಮಾಡಲು ಏನೂ ಉಳಿಯುವುದಿಲ್ಲ. ಆಗಲೂ ಕೋವೇರಿಯನ್ಸ್ ಎಚ್ಚರಿಕೆ ಬರುತ್ತದೆ. ಅದು ನ್ಯಾಯವೇ.

ಈಗ ಇದರ ಇನ್ನೊಂದು ಮಗ್ಗುಲು. ಬೆಂಬಲ ಬೆಲೆಯ ಖರೀದಿಗೆ ನೆಲ್ಲಿನ ತೇವಾಂಶ ಶೇ. 17 ದಾಟಬಾರದು. ಸಿಂಧನೂರು–ಗಂಗಾವತಿ ಕಡೆ ಸುಗ್ಗಿಯಲ್ಲಿ ರಸ್ತೆಯ ಮೇಲೆಲ್ಲ ನೆಲ್ಲು ಹರವಿರುವುದನ್ನು ನೋಡಿದವರಿಗೆ ಈ ಸಂಖ್ಯೆಯ ಮಹತ್ವ ಹೇಳಬೇಕಿಲ್ಲ. ಹಾಗಾದರೆ ‘17ಕ್ಕೆ ಇಳಿಯಲು ಎಷ್ಟು ಹೊತ್ತು?’ ಎಂದು ಕೇಳಿ ನೋಡಿ. ನಡುವಿನ ಓದು 18.4 ಆಗಿದ್ದ ಲೆಕ್ಕ 47 ನಿಮಿಷ ಎನ್ನುತ್ತದೆ. 18.8ರ ಲೆಕ್ಕ 50 ನಿಮಿಷ ಎನ್ನುತ್ತದೆ. ಮೂರು ಗಂಟೆಯ ಪೂರ್ತಿ ಡೇಟಾದ ಲೆಕ್ಕ ಸುಮಾರು 48 ಅಥವಾ 49. ತಳ 12.7ರಿಂದ 4.9ಕ್ಕೆ ಜಿಗಿದಾಗಲೂ ಈ ಉತ್ತರ ಮೂರು ನಿಮಿಷಕ್ಕಿಂತ ಹೆಚ್ಚು ಅಲುಗಲಿಲ್ಲ. 17 ಎಂಬುದು ಅಳೆದ ಅಂಕಿಗಳ ನಡುವೆಯೇ ಇದೆ, ತಳ ಅವುಗಳ ಆಚೆ ಇದೆ. ಅದಕ್ಕೇ ಎಚ್ಚರಿಕೆ ಕಂಡವರನ್ನು ನಾನು ಮೊದಲು ಕೇಳುವುದು: ನಿಮಗೆ ನಿಜಕ್ಕೂ ಬೇಕಾಗಿರುವುದು ಆ ಪ್ಯಾರಾಮೀಟರೋ, ಆ ಗೆರೆಯಿಂದ ಓದಬೇಕಾದ ಇನ್ನೇನೋ?

6. ಮಾದರಿಯನ್ನು ಬೇರೆ ರೀತಿ ಬರೆಯಿರಿ

ಡೇಟಾದಲ್ಲಿ ಉತ್ತರವಿದ್ದೂ ಕೋಡ್ ತಡವರಿಸುತ್ತಿದ್ದರೆ ಸೂತ್ರ ಬರೆದ ರೀತಿ ಕಾರಣವಿರಬಹುದು. ಕಾಳು ಒಣಗಿಸುವ ಅಧ್ಯಯನಗಳಲ್ಲಿ ಬಳಸುವ ಪೇಜ್ ಮಾದರಿ ನೋಡಿ: ಎಕ್ಸ್‌ಪ್(−ಕೆ × ಸಮಯದ ಎನ್-ಘಾತ). ಇಲ್ಲಿ ಕೆ ಮತ್ತು ಎನ್ ಒಂದರ ಕೈ ಒಂದು ಹಿಡಿದುಕೊಂಡೇ ನಡೆಯುತ್ತವೆ. ಗೆರೆ 90ನೇ ನಿಮಿಷದಲ್ಲಿ ಅದೇ ಜಾಗದಲ್ಲಿ ಹಾಯಬೇಕೆಂದರೆ ಎನ್ 0.8 ಇದ್ದಾಗ ಕೆ 0.0273, ಎನ್ 1 ಇದ್ದಾಗ 0.0111, ಎನ್ 1.2 ಆದಾಗ 0.0045. ಎನ್ ಸ್ವಲ್ಪ ಸರಿದರೆ ಕೆ ಆರು ಪಟ್ಟು ಕುಸಿಯುತ್ತದೆ. ಕೋಡ್ ಇಕ್ಕಟ್ಟಾದ, ಬಾಗಿದ ಕಣಿವೆಯಲ್ಲಿ ಗೋಡೆಗೆ ಡಿಕ್ಕಿ ಹೊಡೆಯುತ್ತಾ ಸಾಗಬೇಕು.

ಅದನ್ನೇ ಎಕ್ಸ್‌ಪ್(−(ಸಮಯ ÷ ಟೌ)ರ ಎನ್-ಘಾತ) ಎಂದು ಬರೆಯಿರಿ. ಗೆರೆ ಅದೇ, ಒಂದು ಕೂದಲೂ ಬದಲಾಗಿಲ್ಲ. ಆದರೆ ಈಗ ಎನ್ ಏನೇ ಇರಲಿ, ಸಮಯ ಟೌಗೆ ಸಮನಾದಾಗ ಬೆಲೆ 0.368. ಹಾಗಾಗಿ ಟೌ ಅನ್ನು ಚಿತ್ರದಿಂದಲೇ ಓದಬಹುದು, ಎನ್ ಸರಿದರೂ ಅದು ಹೆಚ್ಚು ಅಲುಗುವುದಿಲ್ಲ. ಥೀಸಿಸ್ಸಿಗೆ ಕೆ ಬೇಕೇಬೇಕೆಂದರೆ ಕೊನೆಗೆ ಟೌದಿಂದ ಲೆಕ್ಕ ಹಾಕಿಕೊಳ್ಳಿ.

ಇಂಥ ಜೋಡಿ ನಿಮ್ಮ ಮಾದರಿಯಲ್ಲಿದೆಯೇ ಎಂದು ತಿಳಿಯಲು ಕೋವೇರಿಯನ್ಸ್ ಪಟ್ಟಿಯ ಪ್ರತಿ ಬೆಲೆಯನ್ನು ಆಯಾ ಎರಡು ಪ್ಯಾರಾಮೀಟರ್‌ಗಳ ಪ್ರಮಾಣ ವಿಚಲನೆಗಳ (ಪಟ್ಟಿಯ ಕರ್ಣದಲ್ಲಿರುವ ಬೆಲೆಗಳ ವರ್ಗಮೂಲಗಳ) ಗುಣಲಬ್ಧದಿಂದ ಭಾಗಿಸಿ. ಬರುವುದು −1ರಿಂದ 1ರ ನಡುವಿನ ಸಂಖ್ಯೆ. ಅದು 0.99 ಮೀರಿದರೆ ಅಥವಾ −0.99ಕ್ಕಿಂತ ಕೆಳಗಿಳಿದರೆ ಎರಡೂ ಒಂದೇ ಕೆಲಸವನ್ನು ಹಂಚಿಕೊಂಡು ಮಾಡುತ್ತಿವೆ. ಎಷ್ಟೋ ಸಲ ಕಾರಣ ಇನ್ನೂ ಸರಳ: ಗುಣಕದ ಮೇಲೆ ಗುಣಕ. ‘ಎ × ಬಿ × ಎಕ್ಸ್‌ಪ್...’ ಎಂದು ಬರೆದರೆ ಎ ಮತ್ತು ಬಿ ಬೇರೆ ಬೇರೆಯಾಗಿ ಯಾವ ದೇವರಿಗೂ ಸಿಗುವುದಿಲ್ಲ, ಅವುಗಳ ಗುಣಲಬ್ಧ ಮಾತ್ರ ಸಿಗುತ್ತದೆ. ಒಂದನ್ನು ತೆಗೆಯಿರಿ.

ಯಾವುದಾದರೂ ಪ್ಯಾರಾಮೀಟರನ್ನು ಬೇರೆ ಪ್ರಯೋಗದಲ್ಲಿ ಅಳೆದಿದ್ದರೆ ಅದನ್ನು ಸ್ಥಿರವಾಗಿಟ್ಟು ಉಳಿದವನ್ನು ಹುಡುಕಿ, ಸ್ಥಿರವಾಗಿಟ್ಟಿದ್ದೇನೆ ಎಂದು ಬರೆಯಿರಿ. ನಾಚಿಕೆಪಡುವ ಕೆಲಸವಲ್ಲ.

7. ಈಗ ಬೇಕಿದ್ದರೆ ಮಿತಿ ಹೆಚ್ಚಿಸಿ

ಮೇಲಿನದ್ದೆಲ್ಲ ಮಾಡಿದ ಮೇಲೂ ಕೋಡ್ ನಿಧಾನವಾಗಿ ಸರಿಯಾದ ಕಡೆಗೇ ಸಾಗುತ್ತಿದ್ದರೆ ಮ್ಯಾಕ್ಸ್‌ಎಫ್‌ಇವಿ 5000 ಮಾಡಿ. ಇದು ಬೇಕಾಗುವುದು ಅಪರೂಪ.

ನೆಲೆಗೊಂಡ ಮೇಲೂ ಒಂದು ಪರೀಕ್ಷೆ ಉಳಿದಿದೆ. ಕೋಡ್ ನಿಂತದ್ದು ಸುತ್ತಲಿನ ತಗ್ಗಿನಲ್ಲಿ, ಅದಕ್ಕಿಂತ ಆಳವಾದ ತಗ್ಗು ಬೇರೆಡೆ ಇರಬಹುದು. ಅಂದಾಜನ್ನು ಅರ್ಧ ಮಾಡಿ, ಎರಡು ಪಟ್ಟು ಮಾಡಿ, ಇಪ್ಪತ್ತು ಬೇರೆ ಬೇರೆ ಜಾಗದಿಂದ ಹೊರಡಿಸಿ, ಪ್ರತಿ ಸಲದ ತಪ್ಪಿನ ಮೊತ್ತ ಬರೆದಿಟ್ಟುಕೊಳ್ಳಿ. ಅತಿ ಕಡಿಮೆ ಮೊತ್ತ ಪದೇ ಪದೇ ಅದೇ ಪ್ಯಾರಾಮೀಟರ್‌ಗಳೊಂದಿಗೆ ಬಂದರೆ ಧೈರ್ಯವಾಗಿರಿ. ಮೊತ್ತ ಅದೇ ಆಗಿದ್ದು ಪ್ಯಾರಾಮೀಟರ್‌ಗಳು ಬೇರೆ ಬೇರೆಯಾದರೆ ಐದನೇ ಹಂತಕ್ಕೆ ವಾಪಸ್.

ಕೊನೆಗೆ ಉಳಿದ ತಪ್ಪುಗಳನ್ನು ಸಮಯದ ಎದುರು ಪ್ಲಾಟ್ ಮಾಡಿ. ಮೇಲೆ ಕೆಳಗೆ ಚೆಲ್ಲಾಪಿಲ್ಲಿಯಾಗಿರಬೇಕು. ಬಿಲ್ಲಿನಂತೆ ಬಾಗಿದ್ದರೆ ಫಿಟ್ ನೆಲೆಗೊಂಡಿದೆ ನಿಜ, ಮಾದರಿಯೇ ತಪ್ಪು.

ನೂರಾರು ತಾಕುಗಳ ಡೇಟಾವನ್ನು ಲೂಪಿನಲ್ಲಿ ಫಿಟ್ ಮಾಡುವವರಿಗೆ

ಇಲ್ಲಿ ಎರಡು ತಪ್ಪು ಮಾಡಬೇಡಿ. ಎಚ್ಚರಿಕೆಗಳು ಕಣ್ಣು ಕುಕ್ಕುತ್ತವೆಂದು ಮೇಲೊಂದು ಸಾಲು ಬರೆದು ಎಲ್ಲವನ್ನೂ ಬಾಯಿಮುಚ್ಚಿಸುವುದು ಒಂದು. ವಿಫಲವಾದ ಫಿಟ್‌ಗಳಿಗೆ ಸೊನ್ನೆ ತುಂಬುವುದು ಇನ್ನೊಂದು. ಆ ಸೊನ್ನೆಗಳು ನಾಳೆ ಸರಾಸರಿಯೊಳಗೆ ಸೇರಿ ಯಾರಿಗೂ ಕಾಣದಂತೆ ಕೂರುತ್ತವೆ. ಒಂದು ಫಿಟ್ ವಿಫಲವಾದರೂ ಲೂಪ್ ನಿಲ್ಲದಂತೆ ಟ್ರೈ–ಎಕ್ಸೆಪ್ಟ್ ಬಳಸಿ, ವಿಫಲವಾದಲ್ಲಿ ನ್ಯಾನ್ ಇಡಿ, ಪಕ್ಕದ ಕಾಲಂನಲ್ಲಿ ಸಂದೇಶವನ್ನು ಹಾಗೇ ಉಳಿಸಿ. ಪ್ರತಿ ತಾಕಿಗೂ ಅದರದೇ ಡೇಟಾದಿಂದ ಅಂದಾಜು ತೆಗೆಯುವ ಪುಟ್ಟ ಫಂಕ್ಷನ್ ಬರೆಯಿರಿ. ಎರಡನೇ ಹಂತದಲ್ಲಿ ಪೆನ್ಸಿಲಿನಿಂದ ಮಾಡಿದ್ದನ್ನೇ ಕೋಡಿಗೆ ಹೇಳಿಕೊಟ್ಟರಾಯಿತು: ಕೊನೆಯ ಅಳತೆಗಿಂತ ತುಸು ಕೆಳಗೆ ತಳ, ಮೊದಲನೆಯದರಿಂದ ಅದನ್ನು ಕಳೆದರೆ ಇಳಿತ, ಶೇ. 63 ಇಳಿದ ಸಮಯಕ್ಕೆ ಅತಿ ಹತ್ತಿರದ ಚುಕ್ಕಿ ಟೌ.

ಆರ್ ಬಳಸುವವರಿಗೆ

ಆರ್‌ನ ಕರ್ವ್ ಫಿಟ್ಟಿಂಗ್ ಕಮಾಂಡ್ ಆದ ಎನ್‌ಎಲ್‌ಎಸ್ ‘ಸಿಂಗ್ಯುಲರ್ ಗ್ರೇಡಿಯಂಟ್’ ಎಂದರೆ ಅದು ಎರೆ ಹೊಲದ ಸಮಸ್ಯೆ ಅಥವಾ ಎ-ಬಿ ಜೋಡಿಯ ಸಮಸ್ಯೆ. ‘ಅಟ್ ಇನಿಶಿಯಲ್ ಪ್ಯಾರಾಮೀಟರ್ ಎಸ್ಟಿಮೇಟ್ಸ್’ ಎಂಬ ಬಾಲವೂ ಇದ್ದರೆ ಮೊದಲು ಅಂದಾಜನ್ನೇ ಅನುಮಾನಿಸಿ. ‘ಸ್ಟೆಪ್ ಫ್ಯಾಕ್ಟರ್’ ಮಿನ್‌ಫ್ಯಾಕ್ಟರಿಗಿಂತ ಕಡಿಮೆಯಾಯಿತು ಎಂದರೆ ಹೆಜ್ಜೆಯನ್ನು ಅರ್ಧ ಅರ್ಧ ಮಾಡುತ್ತಾ 1024ರಲ್ಲೊಂದು ಭಾಗಕ್ಕಿಂತ ಕೆಳಗೆ ಹೋದರೂ ಇಳಿಯಲು ದಾರಿ ಸಿಗಲಿಲ್ಲ ಎಂದರ್ಥ. ಪುನರಾವರ್ತನೆಗಳ ಮಿತಿ ಅಲ್ಲಿ 50.

ಎಸ್‌ಎಸ್‌ಲಾಜಿಸ್, ಎಸ್‌ಎಸ್‌ಅಸಿಂಪ್, ಎಸ್‌ಎಸ್‌ಮಿಕ್‌ಮೆನ್‌ನಂಥ ಸೆಲ್ಫ್-ಸ್ಟಾರ್ಟ್ ಮಾದರಿಗಳು ಅಂದಾಜನ್ನು ತಾವೇ ಡೇಟಾದಿಂದ ತೆಗೆಯುತ್ತವೆ. ನಿಮ್ಮ ಮಾದರಿ ಆ ಪಟ್ಟಿಯಲ್ಲಿದ್ದರೆ ಬೇರೆ ಕಸರತ್ತು ಬೇಡ. ಮಿನ್‌ಪ್ಯಾಕ್-ಎಲ್‌ಎಂ ಪ್ಯಾಕೇಜಿನ ಎನ್‌ಎಲ್‌ಎಸ್-ಎಲ್‌ಎಂ, ಕೆಟ್ಟ ಅಂದಾಜನ್ನು ಎನ್‌ಎಲ್‌ಎಸ್‌ಗಿಂತ ಚೆನ್ನಾಗಿ ಸಹಿಸಿಕೊಳ್ಳುತ್ತದೆ. ಒಂದು ವಿಚಿತ್ರವೂ ಇದೆ: ಕಲಿಯಲೆಂದು ಸೂತ್ರದಿಂದಲೇ ಹುಟ್ಟಿಸಿದ, ಒಂದಿನಿತೂ ತಪ್ಪಿಲ್ಲದ ಡೇಟಾವನ್ನು ಕೊಟ್ಟರೆ ಎನ್‌ಎಲ್‌ಎಸ್ ಸೋಲುತ್ತದೆ. ಅದರ ನಿಲ್ಲುವ ನಿಯಮ ಉಳಿದ ತಪ್ಪಿನ ಜೊತೆ ಹೋಲಿಸಿ ನೋಡುವಂಥದ್ದು, ತಪ್ಪೇ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಡೇಟಾಗೆ ಚಿಟಿಕೆ ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ಸಣ್ಣ ಏರಿಳಿತ, ಬೆರೆಸಿ.

ಇಷ್ಟಾದರೂ ಬಗೆಹರಿಯದೆ ಯಾರನ್ನಾದರೂ ಕೇಳುವುದಾದರೆ ಮೊಬೈಲಿನಲ್ಲಿ ತೆಗೆದ ಪರದೆಯ ಫೋಟೊ ಕಳಿಸಬೇಡಿ. ಸಂದೇಶದ ಪೂರ್ತಿ ಪಠ್ಯ, ಮಾದರಿಯ ಫಂಕ್ಷನ್, ಕೊಟ್ಟ ಪಿ-ಝೀರೊ, ಡೇಟಾದ ಹತ್ತು ಸಾಲು, ಜೊತೆಗೆ ಚುಕ್ಕಿಗಳ ಮೇಲೆ ಅಂದಾಜಿನ ಗೆರೆ ಎಳೆದ ಆ ಚಿತ್ರ, ಇಷ್ಟನ್ನು ಕಳಿಸಿ. ಚಿತ್ರವಿಲ್ಲದೆ ಬಂದ ಪ್ರಶ್ನೆಗೆ ನನ್ನ ಮೊದಲ ಉತ್ತರ ‘ಚಿತ್ರ ಕಳಿಸಿ’ ಎಂದೇ ಇರುತ್ತದೆ.